ಗೀಸರ್ ಬಚ್ಚಲಿನ ಹೊರಗೇ ಇತ್ತು: ಒಂದು ಮನೆಯ ಪ್ರಕರಣ

ನಾನು ಬೆಂಗಳೂರಿನಲ್ಲಿ ಗ್ಯಾಸ್ ಸ್ಟೌ, ಗ್ಯಾಸ್ ಗೀಸರ್ ರಿಪೇರಿ ಮಾಡುವವನು. ಈ ಕೆಲಸಕ್ಕೆ ಇಳಿದು ಹದಿನೇಳು ವರ್ಷವಾಯಿತು. ಇಲ್ಲಿ ಬರೆಯುತ್ತಿರುವುದು ಒಂದೇ ಮನೆಯ ಕತೆ. ಆ ಮನೆಯವರು ಬರೆಯಿರಿ ಅಂದರು, ಹೆಸರು ಮಾತ್ರ ಬೇಡ ಅಂದರು. ಹಾಗಾಗಿ ಬಡಾವಣೆ, ವರ್ಷ, ಗೀಸರಿನ ಕಂಪನಿ, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನನ್ನ ತಪ್ಪನ್ನು ಬದಲಿಸಿಲ್ಲ.

ಮನೆ

ಮೂರನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು. ಯಜಮಾನರು, ಅವರ ಹೆಂಡತಿ, ಹದಿನಾಲ್ಕು ವರ್ಷದ ಮಗಳು, ಯಜಮಾನರ ತಾಯಿ. ಅಡುಗೆಮನೆಯ ಹಿಂದೆ ಯುಟಿಲಿಟಿ. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ. ವಾಷಿಂಗ್ ಮಷೀನು, ಪಾತ್ರೆ ತೊಳೆಯುವ ಸಿಂಕು, ಎರಡು ಸಿಲಿಂಡರು ಎಲ್ಲಾ ಅಲ್ಲೇ. ಅಡುಗೆಮನೆಗೆ ಬೇರೆ ಕಿಟಕಿ ಇಲ್ಲ, ಯುಟಿಲಿಟಿಯ ಬಾಗಿಲೇ ಅದರ ಕಿಟಕಿ. ಬಚ್ಚಲಿನ ಕತೆಯೂ ಅಷ್ಟೇ. ಅದಕ್ಕಿರುವ ಒಂದೇ ವೆಂಟಿಲೇಟರ್, ಗಾಜಿನ ಪಟ್ಟಿಗಳದ್ದು, ತೆರೆಯುವುದು ಯುಟಿಲಿಟಿಗೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇದು ಮಾಮೂಲಿ ಪ್ಲಾನು. ನಿಮ್ಮ ಮನೆಯೂ ಹೀಗೇ ಇರಬಹುದು, ಒಮ್ಮೆ ಎದ್ದು ಹೋಗಿ ನೋಡಿ.

ಮನೆಗೆ ಬಂದ ವರ್ಷ ಗ್ಯಾಸ್ ಗೀಸರ್ ಹಾಕಿಸಿದರು. ನಿಮಿಷಕ್ಕೆ ಆರು ಲೀಟರಿನದು. ಕರೆಂಟು ಹೋದರೂ ಬಿಸಿನೀರು ಬರುತ್ತೆ, ಕಾಯಬೇಕಾಗಿಲ್ಲ. ಹಾಕಿದವನು ತಿಳಿದವನೇ. ಇಂಥ ಗೀಸರನ್ನು ಬಚ್ಚಲಿನೊಳಗೆ ಹಾಕಬಾರದು ಅಂತ ಅವನಿಗೆ ಗೊತ್ತಿತ್ತು. ಯುಟಿಲಿಟಿಯ ಗೋಡೆಗೆ, ಆ ವೆಂಟಿಲೇಟರಿಗಿಂತ ಒಂದೂವರೆ ಅಡಿ ಕೆಳಗೆ ಹಾಕಿದ. ಆಗ ಯುಟಿಲಿಟಿಗೆ ಇದ್ದದ್ದು ಬರೀ ಗ್ರಿಲ್ಲು. ಸಿಂಕಿನ ಮುಂದೆ ನಿಂತರೆ ಸೆರಗು ಹಾರುವಷ್ಟು ಗಾಳಿ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಪಾರಿವಾಳಗಳು ಬಂದವು. ವಾಷಿಂಗ್ ಮಷೀನಿನ ಹಿಂದೆ ಗೂಡು, ಒಗೆದ ಬಟ್ಟೆಯ ಮೇಲೆ ಹಿಕ್ಕೆ. ಜೊತೆಗೆ ಮಳೆಯ ಎರಚಲು. ಗ್ರಿಲ್ಲಿನ ಒಳಗಡೆಯಿಂದ ಸ್ಲೈಡಿಂಗ್ ಗಾಜು ಹಾಕಿಸಿದರು. ಒಳ್ಳೆಯ ಕೆಲಸ, ರಬ್ಬರ್ ಬೀಡಿಂಗ್ ಸಮೇತ, ಮುಚ್ಚಿದರೆ ಇರುವೆಗೂ ದಾರಿ ಇಲ್ಲ. ಗಾಜು ಹಾಕಿದವರು ಗೀಸರಿನ ಬಗ್ಗೆ ಯೋಚಿಸಲಿಲ್ಲ, ಅದು ಅವರ ಕೆಲಸ ಅಲ್ಲ. ಗೀಸರ್ ಹಾಕಿದವನಿಗೆ ಗಾಜು ಬಂದದ್ದು ಗೊತ್ತಿಲ್ಲ. ಹೀಗೆ ಹೊರಗಿದ್ದ ಗೀಸರ್ ಜಾಗದಿಂದ ಅಲುಗದೆ ಮನೆಯೊಳಗೆ ಬಂತು.

ತಲೆನೋವು

ಆ ನವೆಂಬರಿನಲ್ಲಿ ಶುರುವಾಯಿತು. ಮನೆಯಾಕೆಗೆ ಬೆಳಿಗ್ಗೆ ಎಂಟರ ಹೊತ್ತಿಗೆ ಹಣೆ ಹಿಡಿದಂತೆ ನೋವು, ಹೊಟ್ಟೆ ತೊಳಸುವುದು. ಹತ್ತೂವರೆಗೆ ಆಫೀಸಿನಲ್ಲಿ ಕೂತ ಮೇಲೆ ತಾನಾಗಿಯೇ ಹೋಗುತ್ತಿತ್ತು. ಮಗಳಿಗೆ ತಲೆಗೆ ನೀರು ಹಾಕಿಕೊಂಡ ದಿನ ತಲೆಸುತ್ತು. ಒಮ್ಮೆ ಬಚ್ಚಲಿನಿಂದ ಬಂದವಳು ಹಾಸಿಗೆಯ ಮೇಲೆ ಬಿದ್ದುಕೊಂಡು ಸ್ಕೂಲಿಗೆ ಹೋಗಲಿಲ್ಲ. ಅಜ್ಜಿ ಪಿತ್ತ ಅಂದರು, ಶುಂಠಿ ಕಷಾಯ ಆಯಿತು. ಕ್ಲಿನಿಕ್ಕಿನಲ್ಲಿ ಬಿ.ಪಿ. ನೋಡಿದರು, ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡಿದರು, ಎಲ್ಲಾ ಸರಿ. ಮಗಳಿಗೆ ರಕ್ತ ಕಮ್ಮಿ ಇರಬಹುದು ಅಂತ ಕಬ್ಬಿಣದ ಮಾತ್ರೆ. ತಾಯಿಗೆ ‘ಗ್ಯಾಸ್ ಆಗಿದೆ’ ಅಂತ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುವ ಮಾತ್ರೆ. ಈಗ ಆ ಮಾತು ಹೇಳಿಕೊಂಡು ಅವರೇ ನಗುತ್ತಾರೆ. ಗ್ಯಾಸೇ ಆಗಿತ್ತು, ಹೊಟ್ಟೆಯದಲ್ಲ ಅಷ್ಟೇ.

ಜನವರಿಯಲ್ಲಿ ನನಗೆ ಫೋನ್ ಬಂತು. ಕಾರಣ ತಲೆನೋವಲ್ಲ, ಗೀಸರ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಅಂತ. ನಾನು ಹೋಗುವ ಹೊತ್ತಿಗೆ ಮನೆಯಾಕೆ ಯುಟಿಲಿಟಿಯ ಗಾಜು ಪೂರ್ತಿ ಸರಿಸಿ, ಒಳಮೈಯ ಮೇಲಿಳಿದಿದ್ದ ನೀರನ್ನು ಬಟ್ಟೆಯಿಂದ ಒರೆಸುತ್ತಿದ್ದರು. ‘ಚಳಿಗೆ ಗಾಜು ಬೆವರುತ್ತೆ ನೋಡಿ’ ಅಂದರು. ನಾನೂ ಹೂಂ ಅಂದೆ.

ಬ್ಯಾಟರಿ ಬದಲಿಸಿದೆ. ಮುಚ್ಚಳ ಬಿಚ್ಚಿದರೆ ತಾಮ್ರದ ರೆಕ್ಕೆಗಳ ಸಂದಿಯಲ್ಲಿ ಒಂದು ಹಿಡಿ ಮಸಿ. ಬ್ರಷ್ ಹಾಕಿ ತೆಗೆದೆ. ಬರ್ನರ್ ಉಜ್ಜಿದೆ. ಪೈಪಿನ ಕೂಡುವ ಕಡೆಗೆಲ್ಲಾ ಸೋಪಿನ ನೊರೆ ಹಚ್ಚಿದೆ, ಒಂದು ಗುಳ್ಳೆಯೂ ಏಳಲಿಲ್ಲ. ನಲ್ಲಿ ತಿರುಗಿಸಿದೆ, ನೀಲಿ ಉರಿ ಸಾಲಾಗಿ ನಿಂತಿತು. ಬಿಲ್ಲಿನ ಮೇಲೆ ‘ಲೀಕ್ ಇಲ್ಲ, ಉರಿ ಸರಿ ಇದೆ’ ಅಂತ ಬರೆದು ಸಹಿ ಹಾಕಿದೆ.

ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ನಾನು ಉರಿ ನೋಡಿದ್ದು ಗಾಜು ತೆರೆದಿದ್ದಾಗ. ಅವರು ದಿನಾ ಸ್ನಾನ ಮಾಡುತ್ತಿದ್ದದ್ದು ಗಾಜು ಮುಚ್ಚಿ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕಿಲೋಗಿಂತ ಜಾಸ್ತಿ ನೀರಾವಿ ಹುಟ್ಟುತ್ತದೆ. ಆ ಗಾಜಿನ ಬೆವರು ಹೊಗೆ ಹೊರಗೆ ಹೋಗುತ್ತಿಲ್ಲ ಅನ್ನುವುದರ ಲಿಖಿತ ಸಾಕ್ಷಿ. ಮೂರು ವರ್ಷ ತುಂಬದ ಗೀಸರಿನಲ್ಲಿ ಅಷ್ಟು ಮಸಿ ಇನ್ನೊಂದು ಸಾಕ್ಷಿ. ಎರಡನ್ನೂ ಕಣ್ಣಾರೆ ನೋಡಿದೆ. ಒಂದನ್ನು ಅವರು ಒರೆಸಿದರು, ಇನ್ನೊಂದನ್ನು ನಾನು ಒರೆಸಿದೆ.

ಫೆಬ್ರವರಿಯಲ್ಲಿ ಮಗಳ ತಲೆಸುತ್ತಿಗೆ ಬಚ್ಚಲಿನ ಉಗಿಯೇ ಕಾರಣ ಅಂತ ಯಜಮಾನರು ತೀರ್ಮಾನಿಸಿ ವೆಂಟಿಲೇಟರಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು. ಫ್ಯಾನ್ ಬಚ್ಚಲಿನ ಗಾಳಿಯನ್ನು ಯುಟಿಲಿಟಿಗೆ ತಳ್ಳುತ್ತದೆ. ಅಲ್ಲಿಂದ ಎಲ್ಲಿಗೆ ಹೋಗಬೇಕು? ಗಾಜು ಮುಚ್ಚಿದ್ದರೆ ಅಡುಗೆಮನೆಗೆ. ಅಲ್ಲಿ ಬೆಳಿಗ್ಗೆ ಒಗ್ಗರಣೆಗೆ ಅಂತ ಚಿಮಣಿ ಹಾಕಿರುತ್ತಾರೆ, ಅದು ಬೇರೆ ಯುಟಿಲಿಟಿಯ ಗಾಳಿಯನ್ನು ಎಳೆಯುತ್ತದೆ. ಮಗಳು ಸುಧಾರಿಸಿದಳು, ತಾಯಿಯ ತಲೆನೋವು ಜಾಸ್ತಿಯಾಯಿತು. ಮಗಳಿಗೆ ಗುಣವಾಯಿತಲ್ಲ, ಹಾಗಾದರೆ ತಾಯಿಯದು ಬೇರೆ ಏನೋ ಅಂದುಕೊಂಡರು. ಅಷ್ಟರಲ್ಲಿ ಮಾರ್ಚ್ ಬಂತು. ಸೆಕೆಗೆ ಗಾಜು ತೆರೆದೇ ಇಟ್ಟರು, ಬಿಸಿನೀರೂ ಕಮ್ಮಿಯಾಯಿತು, ಎಲ್ಲರ ತಲೆನೋವೂ ಹೋಯಿತು. ಬೇಸಿಗೆ ಮಾಡಿದ ಉಪಕಾರದ ಹೆಸರು ಫ್ಯಾನಿಗೂ ಮಾತ್ರೆಗೂ ಹಂಚಿಹೋಯಿತು.

ನರಕ ಚತುರ್ದಶಿ

ಹಿಂದಿನ ಸಂಜೆ ನೀರು ತುಂಬಿದ್ದಾರೆ. ಬೆಳಿಗ್ಗೆ ಐದೂವರೆಗೆ ಎಣ್ಣೆ ಸ್ನಾನ ಶುರು. ಯಜಮಾನರ ತಂಗಿಯ ಸಂಸಾರ ಬಂದಿದೆ, ಮೂರು ವರ್ಷದ ಮಗುವಿನ ಸಮೇತ. ಒಟ್ಟು ಏಳು ಸ್ನಾನ. ಹೊರಗೆ ಪಟಾಕಿಯ ಹೊಗೆ, ಅದಕ್ಕೆ ಯುಟಿಲಿಟಿಯ ಗಾಜು ಮುಚ್ಚಿದರು. ಮಗು ಸಿಲಿಂಡರಿನ ಹತ್ತಿರ ಹೋಗುತ್ತದೆ ಅಂತ ಅಡುಗೆಮನೆಯ ಕಡೆಯ ಬಾಗಿಲಿಗೂ ಚಿಲಕ ಹಾಕಿದರು. ಎಣ್ಣೆ ಹಚ್ಚಿಕೊಂಡ ಮೈಗೆ ಚಳಿ ಅಂತ ಅಜ್ಜಿ ಫ್ಯಾನ್ ಆರಿಸಿದರು, ಆಮೇಲೆ ಯಾರೂ ಹಾಕಲಿಲ್ಲ. ಒಂದೊಂದೂ ಒಳ್ಳೆಯ ಬುದ್ಧಿಯಿಂದಲೇ ಮಾಡಿದ ಕೆಲಸ. ಮೂರೂ ಸೇರಿ, ಗೀಸರಿನ ಬಿಸಿ ಹೊಗೆಗೆ ಒಂದೇ ದಾರಿ ಉಳಿಯಿತು. ಒಂದೂವರೆ ಅಡಿ ಮೇಲಿದ್ದ ವೆಂಟಿಲೇಟರು.

ಏಳನೆಯವಳು ಮಗಳು. ಸೊಂಟ ಮುಟ್ಟುವ ಕೂದಲು, ಸೀಗೆಕಾಯಿ ಹಾಕಿ ಎಣ್ಣೆ ಬಿಡಿಸಬೇಕು, ಹೊತ್ತಾಗುತ್ತದೆ. ಅಜ್ಜಿ ಬಚ್ಚಲಿನ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತು, ಬೇಗ ಮುಗಿಸೇ ದೋಸೆ ಆರುತ್ತೆ ಅನ್ನುತ್ತಿದ್ದರು. ಒಳಗಿನಿಂದ ‘ಹೂಂ ಅಜ್ಜಿ’ ಅಂತ ಉತ್ತರ ಬರುತ್ತಿತ್ತು. ಆಮೇಲೆ ಚೊಂಬು ಬಿದ್ದ ಸದ್ದು. ಉರುಳಿ ಉರುಳಿ ನಿಂತಿತು. ಅಜ್ಜಿ ಕೂಗಿದರು, ಹೂಂ ಬರಲಿಲ್ಲ. ಎರಡನೇ ಸಲ ಕೂಗಲಿಲ್ಲ, ಮಗನನ್ನು ಕರೆದರು. ಪ್ಲಾಸ್ಟಿಕ್ ಬಾಗಿಲು, ಎರಡು ಒದೆತಕ್ಕೆ ಚಿಲಕ ಕಿತ್ತುಬಂತು.

ಇಲ್ಲಿ ಯಜಮಾನರು ಒಂದು ಸರಿಯಾದ ಕೆಲಸ ಮಾಡಿದರು, ಗೊತ್ತಿದ್ದು ಮಾಡಿದ್ದಲ್ಲ. ಮಗಳನ್ನು ಹಾಸಿಗೆಗೆ ಒಯ್ಯದೆ ಮುಂದಿನ ಬಾಲ್ಕನಿಗೆ ಒಯ್ದರು. ನೀರು ಚಿಮುಕಿಸಲು ಅದು ವಾಸಿ ಅಂತ. ಹೊರಗಿನ ಗಾಳಿಗೆ ಎರಡು ಮೂರು ನಿಮಿಷದಲ್ಲಿ ಕಣ್ಣು ಬಿಟ್ಟಳು, ವಾಂತಿ ಮಾಡಿದಳು.

ಆಸ್ಪತ್ರೆಯಲ್ಲಿ ಬೆರಳಿನ ಕ್ಲಿಪ್ಪು 98 ತೋರಿಸಿತು. ಡ್ಯೂಟಿಯಲ್ಲಿದ್ದ ಡಾಕ್ಟರು ಅದನ್ನು ನಂಬದೆ, ಎಲ್ಲಿ ಬಿದ್ದಳು ಅಂತ ಕೇಳಿದರು. ಬಚ್ಚಲು ಅಂದಾಗ ಅವರ ಮುಂದಿನ ಪ್ರಶ್ನೆ, ಮನೆಯಲ್ಲಿ ಗ್ಯಾಸ್ ಗೀಸರಾ? ಅದರ ಮುಂದಿನದು, ಇನ್ಯಾರಿಗೆ ತಲೆನೋವಿದೆ? ಲೆಕ್ಕ ಹಾಕಿದರೆ, ಮೊದಲು ಸ್ನಾನ ಮಾಡಿದ ಇಬ್ಬರು ಆರಾಮ. ನಾಲ್ಕನೆಯವರಿಗೆ ಸಣ್ಣ ತಲೆನೋವು. ಆರನೆಯವರು, ಯಜಮಾನರ ಭಾವ, ಕಜ್ಜಾಯ ಜಾಸ್ತಿ ತಿಂದೆ ಅಂತ ಹೊಟ್ಟೆ ಹಿಡಿದು ಮಲಗಿದ್ದರು. ತೊಂದರೆ ಸ್ನಾನದ ಸರದಿಯಲ್ಲೇ ಏರಿತ್ತು.

ಕಾರ್ಬನ್ ಮೊನಾಕ್ಸೈಡು. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆರಳಿನ ಕ್ಲಿಪ್ಪಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದಕ್ಕೇ 98. ರಕ್ತದ ಪರೀಕ್ಷೆಯಲ್ಲಿ ಮಗಳ ಹಿಮೋಗ್ಲೋಬಿನ್ನಿನ ಶೇ. 24ರಷ್ಟನ್ನು ಅದು ಹಿಡಿದಿತ್ತು. ಬೀಡಿ ಸಿಗರೇಟು ಸೇದದವರಲ್ಲಿ ಇದು ಶೇ. 3ರೊಳಗೆ ಇರಬೇಕು. ಮಾಮೂಲಿ ಗಾಳಿ ಉಸಿರಾಡಿದರೆ ಇದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಸಂಜೆಯವರೆಗೆ ಮಾಸ್ಕ್ ಹಾಕಿ ಮಲಗಿಸಿದರು. ಮರುದಿನ ಮನೆಗೆ ಬಂದಳು. ಕೆಲವರಿಗೆ ವಾರಗಳ ನಂತರ ಮರೆವು, ಸಿಟ್ಟು ಕಾಣಿಸಬಹುದು, ಗಮನ ಇಡಿ ಅಂತ ಹೇಳಿ ಕಳಿಸಿದ್ದರು. ಅಜ್ಜಿ ಒಂದು ತಿಂಗಳು ದಿನಾ ‘ನಿನ್ನೆ ಏನು ತಿಂಡಿ ಹೇಳು’ ಅಂತ ಕೇಳಿದರಂತೆ. ಮರೆವು ಬರಲಿಲ್ಲ. ಸಿಟ್ಟು ಬಂತು, ಅದು ಅಜ್ಜಿಯ ಪ್ರಶ್ನೆಗೆ.

ಮೀಟರ್ ಹಿಡಿದು ಮತ್ತೆ ಹೋದದ್ದು

ಯಜಮಾನರು ಫೋನ್ ಮಾಡಿ ಬೈಯಲಿಲ್ಲ. ನನ್ನ ಜನವರಿಯ ಬಿಲ್ಲಿನ ಫೋಟೋ ಕಳಿಸಿದರು. ಅದು ಬೈಗುಳಕ್ಕಿಂತ ಜಾಸ್ತಿ ತಾಗಿತು.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಅಂಕಿ ತೋರಿಸುವಂಥದ್ದೇ ನೋಡಿ ಕೊಂಡುಕೊಂಡು ಹೋದೆ. ಮನೆಯವರನ್ನೆಲ್ಲಾ ಕೆಳಗೆ ಕಳಿಸಿ, ಬಚ್ಚಲಿನಲ್ಲಿ ಬಕೆಟ್ ಬೋರಲು ಹಾಕಿ ಮೇಲೆ ಮೀಟರ್ ಇಟ್ಟು, ಒಂದು ಫೋನನ್ನು ಅದರತ್ತ ತಿರುಗಿಸಿ ವಿಡಿಯೋ ಕಾಲ್ ಮಾಡಿದೆವು. ನಲ್ಲಿ ಬಿಟ್ಟು ಬಾಗಿಲು ಎಳೆದುಕೊಂಡು ನಾನೂ ಯಜಮಾನರೂ ಬಾಲ್ಕನಿಯಲ್ಲಿ ನಿಂತು ಇನ್ನೊಂದು ಫೋನಿನಲ್ಲಿ ನೋಡಿದೆವು.

ಮೊದಲು ಹಬ್ಬದ ದಿನ ಇದ್ದ ಹಾಗೆ: ಗಾಜು ಮುಚ್ಚಿ, ಅಡುಗೆಮನೆ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ. ಐದು ನಿಮಿಷ ಸೊನ್ನೆ. ಹತ್ತನೇ ನಿಮಿಷಕ್ಕೆ 40, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 40 ಪಾಲು ಮೊನಾಕ್ಸೈಡು. ಗೀಸರ್ ತಾನಾಗಿ ಆರದಿರಲಿ ಅಂತ ಆಗೊಮ್ಮೆ ಹೋಗಿ ನಲ್ಲಿ ನಿಲ್ಲಿಸಿ ಮತ್ತೆ ಬಿಟ್ಟು ಬಂದೆ. ಆಮೇಲೆ ಓಟ. ಇಪ್ಪತ್ತಕ್ಕೆ 130 ಇತ್ತು, ಇನ್ನೂ ಅಲಾರಂ ಕೂಗಿಲ್ಲ. ಯಜಮಾನರು ಮೀಟರ್ ಕೆಟ್ಟಿದೆಯಾ ಅಂದರು. ಕೆಟ್ಟಿಲ್ಲ. ಈ ಅಲಾರಂಗಳನ್ನು ಮಾಡಿರುವುದೇ ಹಾಗೆ. ಯುರೋಪಿನ ನಿಯಮದ ಪ್ರಕಾರ, ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು ಇದ್ದರೆ ಅದು 60ರಿಂದ 90 ನಿಮಿಷದೊಳಗೆ ಕೂಗಬೇಕು, 100 ಪಾಲಿದ್ದರೆ 10ರಿಂದ 40 ನಿಮಿಷದೊಳಗೆ, 300 ಆದರೆ ಮೂರು ನಿಮಿಷದೊಳಗೆ. 27ನೇ ನಿಮಿಷಕ್ಕೆ ಕೂಗಿತು. 300 ದಾಟುತ್ತಿದ್ದಂತೆ ಸಿಲಿಂಡರಿನ ನಾಬ್ ತಿರುಗಿಸಲು ಮೂಗು ಹಿಡಿದು ಓಡಿದೆ. ಮೂಗು ಹಿಡಿದದ್ದು ಯಾಕೋ, ವಾಸನೆಯೇ ಇಲ್ಲದ್ದಕ್ಕೆ! ಉಸಿರು ಕಟ್ಟಿ ಓಡಬೇಕಿತ್ತು. ಸಿಲಿಂಡರು ಹೊರಗಿರಬೇಕು ಅನ್ನುವುದು ಅವತ್ತು ಇನ್ನೊಂದು ರೀತಿಯಲ್ಲಿ ಅರ್ಥವಾಯಿತು.

ನಡುನಡುವೆ ಮನೆಯೆಲ್ಲಾ ತೆರೆದಿಟ್ಟು ಗಾಳಿಯಾಡಲು ಬಿಟ್ಟು, ಬೇರೆ ಬೇರೆ ರೀತಿ ನೋಡಿದೆವು. ಬರ್ನರ್ ಹೊಸದಾಗಿ ತೊಳೆದ ಮೇಲೂ ಅಂಕಿ ಏರಿತು, ಸ್ವಲ್ಪ ನಿಧಾನವಾಗಿ ಅಷ್ಟೇ. ಗಾಜು ಒಂದು ಗೇಣು ತೆರೆದಾಗಲೂ ಬಚ್ಚಲಿನಲ್ಲಿ 40ರ ಆಸುಪಾಸು. ಫ್ಯಾನ್, ಚಿಮಣಿ ಎರಡೂ ಹಾಕಿ ಗಾಜು ಮುಚ್ಚಿದರೆ ಬಚ್ಚಲಿನಲ್ಲಿ 10, ಅಡುಗೆಮನೆಯ ಕಟ್ಟೆಯ ಮೇಲೆ 70. ಅಂಕಿ ನೋಡಿ ಮನೆಯಾಕೆ ಏನೂ ಮಾತಾಡಲಿಲ್ಲ. ಕಳೆದ ಚಳಿಗಾಲದ ಮಾತ್ರೆಯ ಪಟ್ಟಿಗಳು ಡಬ್ಬಿಯಲ್ಲಿದ್ದವು, ತಂದು ಕಸಕ್ಕೆ ಹಾಕಿದರು. ಪೂರ್ತಿ ಗಾಜು ತೆರೆದರೆ ಎಲ್ಲಾ ಕಡೆ ಐದಾರರೊಳಗೆ.

ಲೆಕ್ಕ ಹೀಗೆ. ಇಂಥ ಗೀಸರ್ ಗಂಟೆಗೆ ಸುಮಾರು ಮುಕ್ಕಾಲರಿಂದ ಒಂದು ಕಿಲೋ ಗ್ಯಾಸ್ ಉರಿಸುತ್ತದೆ. ಒಂದು ಕಿಲೋ ಗ್ಯಾಸ್ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಈ ಯುಟಿಲಿಟಿಯಲ್ಲಿ ಇರುವ ಗಾಳಿಯೇ 8 ಘನ ಮೀಟರ್. ಏಳು ಸ್ನಾನಕ್ಕೆ ಒಂದೂವರೆ ಗಂಟೆಯ ಹತ್ತಿರ ಉರಿದಿದೆ. ಅಲ್ಲಿರುವುದನ್ನೆಲ್ಲಾ ಎರಡು ಸಲ ತಿಂದು ಮುಗಿಸುವಷ್ಟು. ಆಮ್ಲಜನಕ ಕಮ್ಮಿಯಾಗುತ್ತಾ ಹೋದ ಹಾಗೆ, ಗೀಸರ್ ತಾನು ಬಿಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಂಡು ಉರಿಯುತ್ತದೆ. ಆಗ ಉರಿ ಅರೆಬೆಂದಂತಾಗುತ್ತದೆ, ಮೊನಾಕ್ಸೈಡ್ ಹುಟ್ಟುವುದು ಅಲ್ಲೇ. ಮಸಿ ಕಟ್ಟುತ್ತದೆ, ಮಸಿ ದಾರಿ ಕಟ್ಟಿದರೆ ಇನ್ನಷ್ಟು ಹುಟ್ಟುತ್ತದೆ.

ಈ ಗೀಸರಿಗೆ ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುವ ವ್ಯವಸ್ಥೆ ಇತ್ತಲ್ಲ ಅಂತ ಯಜಮಾನರು ಕೇಳಿದರು. ಇತ್ತು. ಒಂದೇ ಸಮ ಇಪ್ಪತ್ತು ನಿಮಿಷ ನೀರು ಬಿಟ್ಟರೆ ಆರುತ್ತದೆ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಲೆಕ್ಕ ಮೊದಲಿನಿಂದ. ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡಿದರೆ ಅದಕ್ಕೆ ಏನೂ ತಿಳಿಯುವುದಿಲ್ಲ.

ಎಲ್ಲರೂ ಹೇಳುವ ಇನ್ನೊಂದು ಮಾತು, ವಾಸನೆಯೇ ಬಂದಿರಲಿಲ್ಲವಲ್ಲ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುವುದು ಸೋರಿದರೆ ಗೊತ್ತಾಗಲಿ ಅಂತ. ಉರಿದ ಮೇಲೆ ಆ ವಾಸನೆಯೂ ಉರಿದುಹೋಗುತ್ತದೆ. ನನ್ನ ಸೋಪಿನ ನೊರೆ ಹಿಡಿಯುವುದು ಸೋರಿಕೆಯನ್ನು ಮಾತ್ರ. ಅಜ್ಜಿ ಇದನ್ನು ನನಗಿಂತ ಚೆನ್ನಾಗಿ ಹೇಳಿದರು. ಅವರ ತವರಿನ ಬಚ್ಚಲಲ್ಲಿ ಹಂಡೆಯ ಒಲೆ, ಸೌದೆ ಹಸಿ ಇದ್ದರೆ ಕಣ್ಣು ಉರಿದು ಜನ ತಾವಾಗಿ ಬಾಗಿಲು ತೆರೆಯುತ್ತಿದ್ದರಂತೆ. ‘ಇದು ಕಣ್ಣುರಿಸಲ್ಲ ನೋಡಪ್ಪ’ ಅಂದರು.

ಏನು ಮಾಡುವುದು

ಯಜಮಾನರಿಗೆ ಗೀಸರ್ ಬಿಡಲು ಮನಸ್ಸಿರಲಿಲ್ಲ. ನನ್ನ ಮೊದಲ ಸಲಹೆ, ಗಾಜಿನ ಚೌಕಟ್ಟಿನಲ್ಲಿ ಮುಚ್ಚಲು ಬಾರದ ಜಾಲರಿ ಎರಡು ಕಡೆ. ಬಿಸಿ ಹೊಗೆ ಹೋಗಲು ಮೇಲೊಂದು, ಹೊಸ ಗಾಳಿ ಬರಲು ಕೆಳಗೊಂದು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ, ಅದಕ್ಕೂ ಕೆಳಗಿನ ಜಾಲರಿ ಬೇಕು. ಆದರೆ ಬಚ್ಚಲಿನ ವೆಂಟಿಲೇಟರ್ ಏನು ಮಾಡುವುದು? ಮುಚ್ಚಿದರೆ ಬಚ್ಚಲಿಗೆ ಗಾಳಿಯೇ ಇಲ್ಲ. ತೆರೆದಿಟ್ಟರೆ ಗಾಳಿ ಬೀಸಿದ ದಿಕ್ಕಿನ ಮೇಲೆ ಹೊಗೆಯ ದಾರಿ. ಅರ್ಧ ದಿನ ಇದನ್ನೇ ಚರ್ಚೆ ಮಾಡಿದೆವು. ಗಾಜು ತೆಗೆದು ಪಾರಿವಾಳದ ಬಲೆ ಹಾಕುವ ಮಾತೂ ಬಂತು. ಅದು ಆಗುತ್ತಿತ್ತು, ಆದರೆ ಮಳೆಗೆ ಮತ್ತೆ ಯಾರಾದರೂ ಪ್ಲಾಸ್ಟಿಕ್ ಶೀಟ್ ಕಟ್ಟಿಬಿಟ್ಟರೆ? ಯಜಮಾನರೇ ಆ ಪ್ರಶ್ನೆ ಕೇಳಿದರು. ಮಾತು ತಿರುಗಿದ್ದು ಅಲ್ಲಿ. ದಿನಾ ನಾಲ್ಕು ಜನ ನೆನಪಿಟ್ಟುಕೊಂಡು ಮಾಡಬೇಕಾದ ಯಾವ ಏರ್ಪಾಡನ್ನೂ ಅವರು ಒಪ್ಪಲಿಲ್ಲ.

ಮುಂದಿನ ಬಾಲ್ಕನಿಗೆ ಸಾಗಿಸೋಣ ಅಂದರೆ ಪೈಪು ಹಾಲಿನ ಮೂಲಕ ಹಾಯಬೇಕು. ಕೊಳವೆಯಲ್ಲೇ ಹೊರಗಿನ ಗಾಳಿ ಎಳೆದು ಹೊರಗೇ ಹೊಗೆ ಬಿಡುವ ಜಾತಿಯ ಗೀಸರ್ ಇದೆ. ಬ್ರಿಟನ್ನಿನಲ್ಲಿ ಬಚ್ಚಲಿನೊಳಗೆ ಗ್ಯಾಸಿನದ್ದು ಹಾಕುವುದಾದರೆ ಅಂಥದ್ದೇ ಆಗಬೇಕು ಅಂತ 1998ರ ಕಾನೂನು. ಜಪಾನಿನವರು ಸುಮ್ನೆ ಹೊರಗೋಡೆಗೆ ತಗುಲಿಸುತ್ತಾರೆ. ನಮ್ಮ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಆರು ಲೀಟರಿನದಕ್ಕೆ ಹೊಗೆ ಕೊಳವೆಯೇ ಇಲ್ಲ, ಅದು ಹೊಗೆಯನ್ನು ನಿಂತ ಜಾಗದಲ್ಲೇ ಬಿಡುತ್ತದೆ. ಅದಕ್ಕೆ ಸರಿಯಾದ ಜಾಗ ಬಯಲು.

ಕೊನೆಗೆ ಹದಿನೈದು ಲೀಟರಿನ ಕರೆಂಟಿನ ಗೀಸರ್ ಹಾಕಿಸಿದರು. ಬಿಲ್ ಜಾಸ್ತಿ ಬರುತ್ತೆ, ಇಬ್ಬರ ಸ್ನಾನ ಆದ ಮೇಲೆ ಕಾಯಬೇಕು. ಬಚ್ಚಲಿಗೆ ಒಳಚಿಲಕ ಮತ್ತೆ ಹಾಕಿಸಲಿಲ್ಲ, ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿ ತೆಗೆಯಬಹುದಾದ ಲಾಕ್ ಹಾಕಿಸಿದರು. ಅಲಾರಂ ಅಡುಗೆಮನೆಯ ಗೋಡೆಯಲ್ಲಿದೆ, ಸ್ಟೌ ಇದೆಯಲ್ಲ. ಬಿಚ್ಚಿದ ಗ್ಯಾಸ್ ಗೀಸರನ್ನು ಮಾರಲು ಹೊರಟಿದ್ದರು. ಕೊಳ್ಳಲು ಬಂದವನಿಗೆ ಎಲ್ಲಿ ಹಾಕುತ್ತೀರಿ ಅಂತ ಮನೆಯಾಕೆ ಕೇಳಿದರು. ಬಾತ್‌ರೂಮಿನಲ್ಲಿ ಅಂದ. ಕೊಡಲಿಲ್ಲ. ಈಗ ಅದು ನನ್ನ ಅಂಗಡಿಯಲ್ಲಿದೆ, ತಾಮ್ರ ಬಿಚ್ಚಿಟ್ಟಿದ್ದೇನೆ.

ಆಮೇಲೆ ಆ ಅಪಾರ್ಟ್‌ಮೆಂಟಿನ ಸಂಘದವರು ಕರೆದರು. 24 ಮನೆ ನೋಡಿದೆ. ಒಂಬತ್ತರಲ್ಲಿ ಗ್ಯಾಸ್ ಗೀಸರು, ಎಲ್ಲವೂ ಬಚ್ಚಲಿನ ಹೊರಗೆ. ಆರು ಮನೆಯಲ್ಲಿ ಯುಟಿಲಿಟಿಗೆ ಗಾಜು. ಈ ಸಲ ಮುಚ್ಚಳ ಬಿಚ್ಚುವ ಮೊದಲು ಗಾಜು ಮುಚ್ಚಿಸಿದೆ, ನಲ್ಲಿ ಬಿಟ್ಟು ಹದಿನೈದು ನಿಮಿಷ ಮೀಟರ್ ನೋಡಿದೆ. ನಾಲ್ಕು ಮನೆಯವರು ಗೀಸರ್ ತೆಗೆಸಿದರು. ಒಬ್ಬರು ಗಾಜು ತೆಗೆಸಿ ಬಲೆ ಹಾಕಿದರು. ಅವರ ವೆಂಟಿಲೇಟರ್ ಬೇರೆ ಗೋಡೆಯಲ್ಲಿತ್ತು, ಅದು ನಡೆಯುತ್ತದೆ. ಉಳಿದ ಒಂದು ಮನೆಯವರು, ಮೀಟರ್ 90 ತೋರಿಸುತ್ತಿರುವಾಗ, ಕಾಫಿ ಕೊಟ್ಟು, ‘ನಾವು ಇಬ್ಬರೇ ಅಲ್ವಾ, ಬೇಗ ಬೇಗ ಸ್ನಾನ ಮುಗಿಸಿಬಿಡ್ತೀವಿ’ ಅಂದರು. ಕಾಫಿ ಕುಡಿದೆ. ಬಿಲ್ಲಿನಲ್ಲಿ 90 ಅಂತ ಬರೆದು, ಗಾಜು ಮುಚ್ಚಿ ನೋಡಿದ್ದು ಅಂತ ಪಕ್ಕದಲ್ಲಿ ಸೇರಿಸಿ, ಅವರ ಸಹಿ ಹಾಕಿಸಿಕೊಂಡೆ. ಮುಂದಿನ ವಾರ ಅವರ ಮಗ ಪುಣೆಯಿಂದ ಫೋನ್ ಮಾಡಿ, ಆ ಬಿಲ್ಲಿನಲ್ಲಿರುವ 90 ಅಂದರೆ ಎಷ್ಟು ರೂಪಾಯಿ ಅಂತ ಕೇಳಿದರು.